ಕುಡಿಯುವ ನೀರು ಕೆಟ್ಟಿದೆಯೇ? ದೋಷ ಎಲ್ಲಿ ಸೇರುತ್ತಿದೆ ಎಂದು ಪತ್ತೆ ಹಚ್ಚುವ ಬಗೆ

ನಲ್ಲಿ ನೀರಿನ ಬಣ್ಣವೋ ವಾಸನೆಯೋ ಬದಲಾದ ಕೂಡಲೇ ಬಹಳ ಜನ ಮಾಡುವ ಮೊದಲ ಕೆಲಸ ಹೊಸ ಫಿಲ್ಟರ್ ತರುವುದು. ತಿಂಗಳೊಪ್ಪತ್ತಿನಲ್ಲಿ ಆ ಫಿಲ್ಟರೂ ಕಟ್ಟಿಕೊಳ್ಳುತ್ತದೆ, ವಾಸನೆ ಮಾತ್ರ ಹಾಗೇ ಇರುತ್ತದೆ. ದೋಷ ಎಲ್ಲಿದೆ ಎಂದು ನೋಡದೆ ಸುರಿದ ಹಣ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಮೂಲದಿಂದ ಲೋಟಕ್ಕೆ ಬರುವಷ್ಟರಲ್ಲಿ ನೀರು ನಾಲ್ಕು ಕಡೆ ಕೆಡಬಹುದು. ಒಂದು, ಮೂಲದಲ್ಲೇ: ತೆರೆದ ಬಾವಿ, ಕೊಳವೆ ಬಾವಿ, ಮಳೆನೀರಿನ ತೊಟ್ಟಿ ಅಥವಾ ಊರಿನ ಸರಬರಾಜು. ಎರಡು, ಸಂಪು ಮತ್ತು ಮೇಲಿನ ಟ್ಯಾಂಕಿನಲ್ಲಿ. ಮೂರು, ಮನೆಯೊಳಗಿನ ಪೈಪು, ಗೀಸರುಗಳಲ್ಲಿ. ನಾಲ್ಕು, ನಲ್ಲಿಯ ಬಾಯಲ್ಲಿ ಇಲ್ಲವೇ ಫಿಲ್ಟರಿನೊಳಗೆ. ಮುಂದೆ ಬರುವ ತಪಾಸಣೆಗಳೆಲ್ಲ ಹೆಚ್ಚುಕಡಿಮೆ ಕೇಳುವುದು ಒಂದೇ ಪ್ರಶ್ನೆ: ಈ ನಾಲ್ಕರಲ್ಲಿ ಯಾವುದು?

## ಇವು ಕಂಡರೆ ತಪಾಸಣೆ ಬೇಡ, ಮೊದಲು ಕುಡಿಯುವುದನ್ನು ನಿಲ್ಲಿಸಿ

ಪೆಟ್ರೋಲ್, ಸೀಮೆಎಣ್ಣೆ, ಬಣ್ಣ ಅಥವಾ ಕೀಟನಾಶಕದ ವಾಸನೆ. ಚರಂಡಿ ವಾಸನೆ. ನೆರೆ ನೀರಲ್ಲಿ ಮುಳುಗಿ ಎದ್ದ ಬಾವಿ ಅಥವಾ ಸಂಪು. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೆ ವಾಂತಿ, ಭೇದಿ. ಈ ನಾಲ್ಕರಲ್ಲಿ ಯಾವುದಿದ್ದರೂ ಬೇರೆ ಕಡೆಯ ನೀರು ತಂದಿಟ್ಟುಕೊಳ್ಳಿ, ನೀರು ಸರಬರಾಜು ಮಾಡುವವರಿಗೂ ಆರೋಗ್ಯ ಇಲಾಖೆಗೂ ತಿಳಿಸಿ.

ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಅಪಾಯಕಾರಿ. ಕುದಿಸುವುದು ರೋಗಾಣುಗಳಿಗೆ ಮದ್ದು, ರಾಸಾಯನಿಕಗಳಿಗಲ್ಲ. ಪೆಟ್ರೋಲ್ ಸೇರಿದ ನೀರನ್ನು ಒಲೆಯ ಮೇಲಿಟ್ಟರೆ ಆವಿಯನ್ನು ಉಸಿರಾಡಬೇಕಾಗುತ್ತದೆ, ಅಷ್ಟೆ. ಪೆಟ್ರೋಲ್ ಚೆಲ್ಲಿ ನೆನೆದ ಮಣ್ಣಿನಲ್ಲಿ ಪಾಲಿಥೀನ್ ಪೈಪು ಹೂತಿದ್ದರೆ, ಪೈಪು ಎಲ್ಲೂ ಒಡೆಯದಿದ್ದರೂ ಅದರ ಗೋಡೆಯ ಮೂಲಕವೇ ವಾಸನೆ ಒಳಗೆ ಇಳಿಯುತ್ತದೆ. "ಸೋರಿಕೆ ಇಲ್ಲವಲ್ಲ" ಎಂದು ಸುಮ್ಮನಾಗಬೇಡಿ.

## ಮೊದಲ ಪರೀಕ್ಷೆ: ನಾಲ್ಕು ಗಾಜಿನ ಲೋಟ

ಇದಕ್ಕೆ ಖರ್ಚಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಬರಹದಲ್ಲಿ ಅತಿ ಹೆಚ್ಚು ಉಪಯೋಗದ ಕೆಲಸವೂ ಇದೇ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಮಾಡಬೇಕು.

ಮೊದಲ ಲೋಟಕ್ಕೆ ಅಡುಗೆಮನೆ ನಲ್ಲಿಯಿಂದ ಬರುವ ಮೊಟ್ಟಮೊದಲ ನೀರು. ಎರಡನೆಯದಕ್ಕೆ ಅದೇ ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟ ಮೇಲಿನ ನೀರು. ಮೂರನೆಯದಕ್ಕೆ ಟ್ಯಾಂಕು ಸೇರುವ ಮುಂಚಿನ ನೀರು, ಅಂದರೆ ಮೋಟಾರಿನ ಪೈಪಿನ ಬಾಯಿಂದ ಅಥವಾ ಮೀಟರ್ ಪಕ್ಕದ ನಲ್ಲಿಯಿಂದ ಹಿಡಿದದ್ದು. ನಾಲ್ಕನೆಯದಕ್ಕೆ ಗೀಸರಿನ ನೀರು, ತಣ್ಣಗಾಗಿಸಿದ್ದು. ಲೋಟಗಳ ಮೇಲೆ ಚೀಟಿ ಅಂಟಿಸಿ, ಹಿಂದೆ ಬಿಳಿ ಹಾಳೆ ಹಿಡಿದು ನೋಡಿ. ಸಿಂಕಿನಿಂದ ದೂರ, ಬೇರೆ ಕೋಣೆಯಲ್ಲಿ ಮೂಸಿ. ಸಿಂಕಿನ ಕೊಳವೆಯ ವಾಸನೆಯನ್ನು ನೀರಿನ ಮೇಲೆ ಹೊರಿಸುವುದು ತೀರ ಸಾಮಾನ್ಯ. ಆಮೇಲೆ ಮುಚ್ಚಿ ಮಾರನೆಯ ಬೆಳಗಿನವರೆಗೆ ಅಲ್ಲಾಡಿಸದೆ ಇಡಿ. ರುಚಿ ನೋಡಲು ಹೋಗಬೇಡಿ.

ಮೊದಲ ಲೋಟ ಕೆಟ್ಟು ಎರಡನೆಯದು ಚೆನ್ನಾಗಿದ್ದರೆ ದೋಷ ಆ ನಲ್ಲಿಯ ಹತ್ತಿರದ ಪೈಪಿನಲ್ಲಿ. ಎರಡೂ ಕೆಟ್ಟು ಮೂರನೆಯದು ಚೆನ್ನಾಗಿದ್ದರೆ ಟ್ಯಾಂಕಿನಲ್ಲಿ, ಅಥವಾ ಟ್ಯಾಂಕಿನಿಂದ ಇಳಿಯುವ ಪೈಪಿನಲ್ಲಿ. ಗೀಸರಿನ ಲೋಟ ಒಂದೇ ಕೆಟ್ಟಿದ್ದರೆ ಗೀಸರಿನಲ್ಲಿ. ನಾಲ್ಕೂ ಕೆಟ್ಟಿದ್ದರೆ ಮೂಲದಲ್ಲಿ. ಆಗ ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ. ಅವರ ನೀರೂ ಹಾಗೇ ಇದ್ದರೆ ನಿಮ್ಮ ಪೈಪು ಅಗೆಸುವ ಅಗತ್ಯವಿಲ್ಲ.

## ನೀರು ಹಾಲಿನಂತೆ ಬೆಳ್ಳಗೆ ಬರುತ್ತದೆ

ಲೋಟವನ್ನು ಮೇಜಿನ ಮೇಲಿಟ್ಟು ಬದಿಯಿಂದ ನೋಡಿ. ಬಿಳುಪು ಬುಡದಿಂದ ಮೇಲಕ್ಕೆ ತಿಳಿಯಾಗುತ್ತಾ ಹೋಗಿ ಒಂದೆರಡು ನಿಮಿಷದಲ್ಲಿ ಮಾಯವಾದರೆ ಅದು ಬರೀ ಗಾಳಿ, ಒತ್ತಡದಲ್ಲಿ ಕರಗಿದ್ದ ಗಾಳಿಯ ಸಣ್ಣ ಗುಳ್ಳೆಗಳು. ಪೈಪು ರಿಪೇರಿಯಾದ ಮೇಲೆ, ಚಳಿಯಲ್ಲಿ, ಪೂರೈಕೆ ನಿಂತು ಮತ್ತೆ ಶುರುವಾದಾಗ ಹೀಗಾಗುತ್ತದೆ. ಕುಡಿಯಬಹುದು. ಕೊಳವೆ ಬಾವಿಯ ನೀರಲ್ಲಿ ಇದು ಹೊಸದಾಗಿ ಶುರುವಾಗಿ ದಿನವೂ ಕಂಡರೆ, ನೀರಿನ ಮಟ್ಟ ಇಳಿದು ಪಂಪು ಗಾಳಿ ಎಳೆಯುತ್ತಿರಬಹುದು. ಆಗ ಚಿಂತೆ ನೀರಿನದ್ದಲ್ಲ, ಮೋಟಾರಿನದ್ದು.

ಬಿಳುಪು ಮೇಲಿನಿಂದ ಕೆಳಕ್ಕೆ ಇಳಿದು ಬುಡದಲ್ಲಿ ಗಸಿ ನಿಂತರೆ ಅದು ನುಣ್ಣನೆ ಮಣ್ಣು ಅಥವಾ ಸುಣ್ಣದ ಕಣ. ರಾತ್ರಿಯಿಡೀ ಇಟ್ಟರೂ ತಿಳಿಯಾಗದಿದ್ದರೆ ಜೇಡಿಮಣ್ಣು. ಕಲಕು ನೀರಿಗೆ ಕ್ಲೋರಿನ್ ಹಾಕಿದರೂ, ಯುವಿ ದೀಪದ ಬೆಳಕು ಹಾಯಿಸಿದರೂ ಪೂರ್ತಿ ಫಲ ಸಿಗದು. ರೋಗಾಣುಗಳು ಕಣಗಳ ಮರೆಯಲ್ಲಿ ಉಳಿದುಬಿಡುತ್ತವೆ. ಮೊದಲು ಸೋಸಿ, ಆಮೇಲೆ ಶುದ್ಧಿ ಮಾಡಿ.

## ಕೆಂಪು, ಕಂದು ಅಥವಾ ಕಪ್ಪು

ಇಲ್ಲಿ ಕೇಳಬೇಕಾದದ್ದು, ಬಣ್ಣ ಯಾವಾಗ ಬಂತು ಎಂದು. ಹಿಡಿದಾಗ ಗಾಜಿನಂತೆ ತಿಳಿಯಾಗಿದ್ದ ನೀರು ಅರ್ಧ ಗಂಟೆಯಿಂದ ಕೆಲವು ಗಂಟೆಗಳಲ್ಲಿ ಹಳದಿಯಾಗಿ, ಆಮೇಲೆ ತುಕ್ಕಿನ ಬಣ್ಣಕ್ಕೆ ತಿರುಗಿ ಗಸಿ ಬಿಟ್ಟರೆ ನೆಲದಾಳದ ಕರಗಿದ ಕಬ್ಬಿಣ ಅದರಲ್ಲಿದೆ. ನೆಲದೊಳಗೆ ಆಮ್ಲಜನಕವಿಲ್ಲದೆ ಕರಗಿಕೊಂಡಿದ್ದದ್ದು ಗಾಳಿ ತಗುಲಿದಾಗ ಬೇರ್ಪಡುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಸಾಕು, ಬಟ್ಟೆಗೂ ಬಚ್ಚಲಿಗೂ ಕಲೆ ಹತ್ತುತ್ತದೆ. ಆರೋಗ್ಯಕ್ಕಿಂತ ಇದು ಕಿರಿಕಿರಿಯ ವಿಷಯ. ಪರಿಹಾರವೂ ಸರಳ: ಟ್ಯಾಂಕಿಗೆ ನೀರನ್ನು ಷವರಿನಂತೆ ಚೆದುರಿಸಿ ಬೀಳಿಸಿ, ಗಾಳಿ ತಾಗಿಸಿ, ಗಸಿ ಕೂರಲು ಸಮಯ ಕೊಟ್ಟು ಮೇಲಿನ ನೀರನ್ನು ಮರಳಿನಲ್ಲಿ ಸೋಸುವುದು.

ಹಿಡಿಯುವಾಗಲೇ ಕೆಂಪಗಿದ್ದು ಸ್ವಲ್ಪ ಹರಿದ ಮೇಲೆ ತಿಳಿಯಾದರೆ ಮನೆಯ ಹಳೆಯ ಕಬ್ಬಿಣದ ಪೈಪಿನ ತುಕ್ಕು. ಊರಿನ ಪೈಪಿನಲ್ಲಿ ರಿಪೇರಿ ನಡೆದ ದಿನ ಎಲ್ಲರ ಮನೆಯಲ್ಲೂ ಒಮ್ಮೆಗೇ ಕೆಂಪು ನೀರು ಬರುತ್ತದೆ. ಆಗ ತಿಳಿಯಾಗುವವರೆಗೆ ಹೊರಗಿನ ನಲ್ಲಿಯಿಂದ ಬಿಡಿ, ಗೀಸರ್ ತುಂಬಿಸಬೇಡಿ, ಬಿಳಿ ಬಟ್ಟೆ ಒಗೆಯಬೇಡಿ.

ಇನ್ನು ಶೌಚಾಲಯದ ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿ ನೋಡಿ. ಗೋಡೆಗೆ ಕಿತ್ತಳೆ ಬಣ್ಣದ ಲೋಳೆ, ಮುಟ್ಟಿದರೆ ಎಳೆಯಾಗಿ ಬರುವಂಥದ್ದು, ಅಂಟಿದ್ದರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಮನೆ. ನೀರಿನ ಮೇಲೆ ಎಣ್ಣೆಯಂಥ ಬಣ್ಣಬಣ್ಣದ ಪೊರೆಯೂ ಇರಬಹುದು. ಕಡ್ಡಿಯಿಂದ ಕುಕ್ಕಿ. ಗಾಜಿನ ಚೂರಿನಂತೆ ಒಡೆದು ಹಾಗೇ ನಿಂತರೆ ಬ್ಯಾಕ್ಟೀರಿಯಾದ ಪೊರೆ. ಒಡೆದದ್ದು ಸುತ್ತಿ ಬಂದು ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ, ಅಂದರೆ ಮೇಲೆ ಹೇಳಿದ "ಕುಡಿಯುವುದನ್ನು ನಿಲ್ಲಿಸಿ" ಎಂಬ ಪಟ್ಟಿಗೆ ಸೇರಿದ್ದು. ಈ ಬ್ಯಾಕ್ಟೀರಿಯಾದಿಂದ ಕಾಯಿಲೆ ಬರುವುದಿಲ್ಲ, ಆದರೆ ಪಂಪು, ಪೈಪುಗಳನ್ನು ಕಟ್ಟಿಹಾಕುತ್ತದೆ. ಕ್ಲೋರಿನ್ ಹಾಕಿದರೆ ತಗ್ಗುತ್ತದೆ, ಸಾಮಾನ್ಯವಾಗಿ ಮತ್ತೆ ಬರುತ್ತದೆ.

ಕಪ್ಪು ಕಣಗಳನ್ನು ಬೆರಳಲ್ಲಿ ಉಜ್ಜಿ. ಮಸಿಯಂತೆ ಹರಡಿದರೆ ಹಳೆಯ ರಬ್ಬರ್ ವಾಷರ್ ಅಥವಾ ಕೊಳವೆ ಕರಗುತ್ತಿದೆ. ಗಟ್ಟಿ ಹರಳಿನಂತಿದ್ದರೆ ಫಿಲ್ಟರಿನ ಇದ್ದಿಲು. ಟ್ಯಾಂಕಿನ ಗೋಡೆಯಲ್ಲೂ ಕಪ್ಪು ಲೇಪವಿದ್ದರೆ ಮ್ಯಾಂಗನೀಸ್ ಎಂಬ ಲೋಹ. ಇದನ್ನು ಕಬ್ಬಿಣದಷ್ಟು ಹಗುರವಾಗಿ ಎಣಿಸಬೇಡಿ, ಕೈಗೂಸು ಇರುವ ಮನೆಯಾದರೆ ಪ್ರಯೋಗಾಲಯದಲ್ಲಿ ಅಳೆಸಿ.

## ಕೊಳೆತ ಮೊಟ್ಟೆಯ ವಾಸನೆ

ಬಿಸಿನೀರಿನಲ್ಲಿ ಮಾತ್ರ ಬಂದರೆ ತಪ್ಪು ಗೀಸರಿನದು. ತೊಟ್ಟಿಗೆ ತುಕ್ಕು ಹಿಡಿಯದಿರಲಿ ಎಂದು ಒಳಗೆ ಒಂದು ಮೆಗ್ನೀಸಿಯಮ್ ಕಡ್ಡಿ ಇಟ್ಟಿರುತ್ತಾರೆ. ಅದೂ ನೀರಿನ ಸಲ್ಫೇಟೂ ಒಂದು ಜಾತಿಯ ಬ್ಯಾಕ್ಟೀರಿಯಾವೂ ಸೇರಿದಾಗ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಊರಿಗೆ ಹೋಗಿ ಬಂದ ಮೇಲೆ ಹೆಚ್ಚು, ಯಾಕೆಂದರೆ ನೀರು ಉಗುರುಬೆಚ್ಚಗೆ ನಿಂತಲ್ಲೇ ನಿಂತಿರುತ್ತದೆ. ಕಡ್ಡಿಯನ್ನು ಬೇರೆ ಲೋಹದ್ದಕ್ಕೆ ಬದಲಿಸಲು ಮೆಕ್ಯಾನಿಕ್‌ಗೆ ಹೇಳಿ. ಕಡ್ಡಿಯನ್ನೇ ತೆಗೆದು ಬಿಟ್ಟರೆ ವಾಸನೆ ಹೋಗುತ್ತದೆ, ಗೀಸರೂ ಬೇಗ ಹೋಗುತ್ತದೆ.

ತಣ್ಣೀರಿನಲ್ಲೂ, ಎಲ್ಲ ನಲ್ಲಿಯಲ್ಲೂ ಬಂದರೆ ಅನಿಲ ಮೂಲದಲ್ಲೇ ಇದೆ. ಇದರ ವಾಸನೆ ಲೀಟರಿಗೆ 0.05 ಮಿಲಿಗ್ರಾಂ ಆಸುಪಾಸಿನಲ್ಲೇ ಮೂಗಿಗೆ ಬಡಿಯುತ್ತದೆ, ಹಾಗಾಗಿ ವಾಸನೆ ಜೋರಾಗಿದೆ ಎಂದಮಾತ್ರಕ್ಕೆ ನೀರು ವಿಷವಾಗಿದೆ ಎಂದಲ್ಲ. ಗಾಳಿಯಾಡಲು ಬಿಟ್ಟರೆ ಬಹುಪಾಲು ಹಾರಿಹೋಗುತ್ತದೆ. ಆದರೆ ಇದೇ ಅನಿಲ ಮುಚ್ಚಿದ ಬಾವಿ, ಸಂಪಿನೊಳಗೆ ತುಂಬಿದ್ದರೆ ಪ್ರಾಣ ತೆಗೆಯುತ್ತದೆ; ಪ್ರಮಾಣ ಹೆಚ್ಚಾದಾಗ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ನಿಂತಿತು ಎಂದು ಒಳಗಿಳಿದವರು ಮೇಲೆ ಬರದಿರಬಹುದು.

ಇದೇ ವಾಸನೆಗೆ ಮಲದ ವಾಸನೆ ಸೇರಿದ್ದರೆ, ಅಥವಾ ಇಷ್ಟು ದಿನ ಇಲ್ಲದ್ದು ಒಂದು ದಿನ ಇದ್ದಕ್ಕಿದ್ದಂತೆ ಬಂದರೆ, ಗೀಸರಿನ ವಿಷಯ ಬಿಟ್ಟು ಚರಂಡಿಯ ಕಡೆ ನೋಡಿ.

## ಮಣ್ಣಿನ ವಾಸನೆ, ಬ್ಲೀಚಿಂಗ್ ವಾಸನೆ

ಒಣನೆಲಕ್ಕೆ ಮೊದಲ ಹನಿ ಬಿದ್ದಾಗಿನ ವಾಸನೆ ನೀರಲ್ಲಿ ಬಂದರೆ ಅದಕ್ಕೆ ಕಾರಣ ಪಾಚಿಯಂಥ ಜೀವಿಗಳು ಬಿಡುವ ಜಿಯೋಸ್ಮಿನ್. ಬೇಸಿಗೆಯಲ್ಲಿ ಕೆರೆ, ಜಲಾಶಯದ ನೀರಿಗೆ ಸಹಜ. ಎಲ್ಲರ ಮನೆಯಲ್ಲೂ ಇದ್ದರೆ ಜಲಾಶಯದ್ದು, ನಿಮ್ಮಲ್ಲಿ ಮಾತ್ರ ಇದ್ದರೆ ಬಿಸಿಲು ಹಾಯುವ ಟ್ಯಾಂಕಿನ ಪಾಚಿ. ಮುಚ್ಚಳ ಭದ್ರ ಮಾಡಿ, ಬೆಳಕು ತೂರುವ ಟ್ಯಾಂಕಾದರೆ ಬದಲಿಸಿ.

ಬ್ಲೀಚಿಂಗ್ ವಾಸನೆ ಬಂದರೆ ಮುಖ ಸಿಂಡರಿಸುತ್ತೇವೆ. ನಿಜಕ್ಕೂ ಅಳುಕಬೇಕಾದದ್ದು ಪೈಪಿನ ನೀರಲ್ಲಿ ಕ್ಲೋರಿನ್ ಇದ್ದಕ್ಕಿದ್ದಂತೆ ಇಲ್ಲವಾದಾಗ. ನಲ್ಲಿಯ ಬಳಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಹನಿ ಹಾಕಿದರೆ ಹಳದಿಯಾಗುವ ಸಣ್ಣ ಕಿಟ್‌ನಲ್ಲಿ ಇದನ್ನು ಮನೆಯಲ್ಲೇ ನೋಡಬಹುದು. ಮೀಟರ್ ಬಳಿ ಹಳದಿ ಬಂದು ಅಡುಗೆಮನೆ ನಲ್ಲಿಯಲ್ಲಿ ಬಾರದಿದ್ದರೆ ನಡುವೆ ಟ್ಯಾಂಕಿನ ಕೊಳೆ ಕ್ಲೋರಿನ್ನನ್ನು ತಿಂದುಹಾಕುತ್ತಿದೆ.

## ರುಚಿಯೂ ಕಲೆಯೂ

ಉಪ್ಪಾಗಿದ್ದರೆ ಕ್ಲೋರೈಡ್, ಲೀಟರಿಗೆ 250 ಮಿಲಿಗ್ರಾಂ ದಾಟಿದರೆ ನಾಲಿಗೆಗೆ ಗೊತ್ತಾಗುತ್ತದೆ. ಸಮುದ್ರದ ಬಳಿಯ ಕೊಳವೆ ಬಾವಿ ವರ್ಷದಿಂದ ವರ್ಷಕ್ಕೆ ಉಪ್ಪಾಗುತ್ತಿದ್ದರೆ ಅತಿಯಾಗಿ ಪಂಪ್ ಮಾಡಿದ್ದರಿಂದ ಕಡಲ ನೀರು ಒಳನುಗ್ಗುತ್ತಿದೆ. ಫಿಲ್ಟರ್ ಅದನ್ನು ತಡೆಯದು, ಪಂಪ್ ಕಡಿಮೆ ಮಾಡಿದರೆ ತಡೆಯಬಹುದು. ಸಮುದ್ರವಿಲ್ಲದ ಕಡೆ ಬಾವಿ ಹೊಸದಾಗಿ ಉಪ್ಪಾದರೆ ಶೌಚಗುಂಡಿಯನ್ನು ಶಂಕಿಸಿ.

ಸೋಪು ನೊರೆ ಬರದೆ, ನಲ್ಲಿಯ ಮೂತಿಗೆ ಬಿಳಿ ಹೊಪ್ಪಳಿಕೆ ಕಟ್ಟಿದರೆ ಗಡಸು ನೀರು. ಕುಡಿಯಲು ಹೆದರಬೇಕಿಲ್ಲ. ಬಚ್ಚಲಿನ ಗುಲಾಬಿ ಲೋಳೆ ಗಾಳಿಯಿಂದ ಬಂದು ಒದ್ದೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ, ನೀರಿನದ್ದಲ್ಲ. ಉಜ್ಜಿ ತೊಳೆದರಾಯಿತು.

ಸಿಂಕಿನ ಮೇಲಿನ ನೀಲಿ-ಹಸಿರು ಕಲೆ ಬೇರೆಯ ಕಥೆ. ಹುಳಿಗುಣದ ನೀರು ತಾಮ್ರದ ಪೈಪನ್ನು ತಿನ್ನುತ್ತಿದೆ ಎಂಬುದರ ಗುರುತು ಅದು. ತಾಮ್ರ ಕರಗಿಸುವ ನೀರು ಬೆಸುಗೆಯಲ್ಲೋ ಹಿತ್ತಾಳೆ ನಲ್ಲಿಯಲ್ಲೋ ಇರುವ ಸೀಸವನ್ನೂ ಕರಗಿಸುತ್ತದೆ, ಸೀಸಕ್ಕೆ ಬಣ್ಣವೂ ಇಲ್ಲ ರುಚಿಯೂ ಇಲ್ಲ. ಬೆಳಗಿನ ಮೊದಲ ನೀರನ್ನು ಹರಿಯಬಿಡಿ, ಅಡುಗೆಗೆ ನಲ್ಲಿಯ ಬಿಸಿನೀರು ಹಿಡಿಯಬೇಡಿ, ಪಿಎಚ್ (ಹುಳಿಗುಣದ ಅಳತೆ) ಮತ್ತು ಸೀಸ ಎರಡನ್ನೂ ಪರೀಕ್ಷೆಗೆ ಕೊಡಿ.

## ಮಳೆ ಬಂದಾಗಲೆಲ್ಲ ಹೊಟ್ಟೆ ಕೆಡುತ್ತದೆ

ಮಳೆಯಾದ ದಿನವೋ ಮಾರನೆಯ ದಿನವೋ ಬಾವಿ ನೀರು ಕಲಕಾದರೆ ಮೇಲಿನ ಕೊಳೆ ಶೋಧನೆಯಾಗದೆ ನೇರ ಒಳಗಿಳಿಯುತ್ತಿದೆ ಎಂದರ್ಥ. ಬಾವಿಯ ಸುತ್ತ ಒಂದು ಸುತ್ತು ಹಾಕಿ. ಕಟ್ಟೆಯ ಸಿಮೆಂಟ್ ಬಿರುಕು, ಬುಡದಲ್ಲಿ ನಿಂತ ನೀರು, ಮುಚ್ಚಳವಿಲ್ಲದ ಕೊಳವೆ, ಕೇಸಿಂಗ್ ಪೈಪು ನೆಲಮಟ್ಟಕ್ಕೇ ಕತ್ತರಿಸಿರುವುದು: ಇವನ್ನೆಲ್ಲ ಒಬ್ಬ ಮೇಸ್ತ್ರಿ ಒಂದು ದಿನದಲ್ಲಿ ಸರಿ ಮಾಡಬಲ್ಲ. ಶೌಚಗುಂಡಿಗೂ ಬಾವಿಗೂ 30 ಮೀಟರ್ ಅಂತರ ಇರಲಿ ಎನ್ನುವುದು ರೂಢಿ; ಬಂಡೆಯಲ್ಲಿ ಬಿರುಕಿದ್ದರೆ ಅದೂ ಸಾಲದು.

ಪೈಪಿನ ನೀರಾದರೆ ನೀರು ಬಿಡುವ ಮೊದಲ ಐದು ಹತ್ತು ನಿಮಿಷ ಗಮನಿಸಿ. ಪೂರೈಕೆ ನಿಂತಾಗ ಪೈಪಿನೊಳಗೆ ಒತ್ತಡ ಇಳಿದು, ಸೋರುವ ಜೋಡಣೆಯ ಸುತ್ತಲಿನ ಚರಂಡಿ ನೀರನ್ನು ಒಳಗೆ ಹೀರುತ್ತದೆ. ಊರ ಪೈಪಿಗೆ ನೇರವಾಗಿ ಮೋಟಾರ್ ಹಚ್ಚಿ ಎಳೆಯುವವರು ಈ ಹೀರುವಿಕೆಯನ್ನು ಹೆಚ್ಚಿಸುತ್ತಾರೆ, ತಮ್ಮ ಮನೆಗೂ ನೆರೆಮನೆಗೂ. ಮೊದಲ ನೀರನ್ನು ಸಂಪಿಗೆ ಬಿಡದೆ ಹೊರಗೆ ಚೆಲ್ಲಿ.

ದೋಷ ಸರಿಯಾಗುವವರೆಗೆ ಕುಡಿಯುವ ನೀರನ್ನು ಕುದಿಸಿ. ಗುಳುಗುಳು ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, 2000 ಮೀಟರಿಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ. ಇಪ್ಪತ್ತು ನಿಮಿಷ ಕುದಿಸುವುದು ಗ್ಯಾಸಿಗೆ ದಂಡ.

ಟ್ಯಾಂಕು ತೊಳೆಯುವ ಕ್ರಮ: ಗಸಿ ತೆಗೆದು ಗೋಡೆ ಉಜ್ಜಿ, ನೀರು ತುಂಬಿ, ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬರುವಂತೆ ಬ್ಲೀಚಿಂಗ್ ಪೌಡರ್ ಹಾಕಿ. 1000 ಲೀಟರ್ ಟ್ಯಾಂಕಿಗೆ, ಶೇಕಡಾ 25ರ ಪುಡಿಯಾದರೆ, ಇದು 200 ಗ್ರಾಂ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ ಸುಣ್ಣ ತಳ ಕೂತ ಮೇಲೆ ತಿಳಿಯನ್ನು ಮಾತ್ರ ಸುರಿಯಿರಿ. ಪ್ರತಿ ನಲ್ಲಿಯನ್ನೂ ವಾಸನೆ ಬರುವವರೆಗೆ ಬಿಟ್ಟು ನಿಲ್ಲಿಸಿ, ರಾತ್ರಿಯಿಡೀ ಹಾಗೇ ಬಿಡಿ, ಬೆಳಿಗ್ಗೆ ವಾಸನೆ ಹೋಗುವವರೆಗೆ ಹರಿಸಿ ಖಾಲಿ ಮಾಡಿ. ಆ ನೀರನ್ನು ಕುಡಿಯಲೂಬಾರದು, ಗಿಡಕ್ಕೂ ಹಾಕಬಾರದು. ಆರ್‌ಒ ಯಂತ್ರದ ನಲ್ಲಿಯನ್ನು ಮೊದಲೇ ಬಂದ್ ಮಾಡಿ, ಕ್ಲೋರಿನ್ ಅದರ ಮೆಂಬ್ರೇನನ್ನು, ಅಂದರೆ ಸೋಸುವ ತೆಳು ಪೊರೆಯನ್ನು, ಹಾಳು ಮಾಡುತ್ತದೆ.

ಮೂರು ಎಚ್ಚರಿಕೆ. ಬ್ಲೀಚಿಂಗ್ ಪುಡಿಯನ್ನು ಶೌಚಾಲಯದ ಆಸಿಡ್ ಜೊತೆ ಸೇರಿಸಬಾರದು, ವಿಷದ ಅನಿಲ ಏಳುತ್ತದೆ. ಮೋಟಾರಿನ ಮೇನ್ ಸ್ವಿಚ್ ಆರಿಸದೆ ಸಂಪಿಗೆ ಕೈ ಹಾಕಬಾರದು. ಆಳದ ಸಂಪು, ಬಾವಿಗೆ ಒಬ್ಬರೇ ಇಳಿಯಬಾರದು. ಒಳಗೆ ಯಾರಾದರೂ ಕುಸಿದು ಬಿದ್ದರೆ ಹಿಂದೆಯೇ ಇನ್ನೊಬ್ಬರು ಇಳಿಯುವುದು ಬೇಡ, ಅಗ್ನಿಶಾಮಕ ದಳ ಕರೆಯಿರಿ.

ಎರಡು ಸಲ ಕ್ಲೋರಿನ್ ಮಾಡಿದ ಮೇಲೂ ಪರೀಕ್ಷೆಯಲ್ಲಿ ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಸಿಕ್ಕರೆ ಸ್ವಂತ ಪ್ರಯತ್ನ ಅಲ್ಲಿಗೆ ನಿಲ್ಲಿಸಿ. ಕೊಳೆ ನಿರಂತರವಾಗಿ ಬರುತ್ತಿದೆ ಎಂದರ್ಥ, ಬಾವಿ ಕಟ್ಟುವ ಕೆಲಸ ತಿಳಿದವರೇ ನೋಡಬೇಕು.

## ಫಿಲ್ಟರ್ ಇದೆ, ಆದರೂ ನೀರು ಸರಿಯಿಲ್ಲ

ಟಿಡಿಎಸ್ ಮೀಟರಿನ ಅಂಕಿಯನ್ನು ಶುದ್ಧತೆಯ ಅಂಕಿ ಎಂದು ಓದುವುದೇ ಮೊದಲ ತಪ್ಪು. ಅದು ಕರಗಿದ ಲವಣದ ಅಂದಾಜು ಮಾತ್ರ. ಚರಂಡಿ ಸೇರಿದ ನೀರಿನ ಟಿಡಿಎಸ್ ಕಡಿಮೆಯೂ ಇರಬಹುದು. ಆದರೆ ಮೆಂಬ್ರೇನ್ ಪರೀಕ್ಷೆಗೆ ಅದು ಚೆನ್ನಾಗಿ ಒದಗುತ್ತದೆ: ಒಳಹೋಗುವ ನೀರಿನ ಅಂಕಿಯ ಕಾಲುಭಾಗಕ್ಕಿಂತ ಹೆಚ್ಚು ಹೊರಬರುವ ನೀರಿನಲ್ಲಿದ್ದರೆ ಮೆಂಬ್ರೇನ್ ಸೋತಿದೆ. ಯಂತ್ರದಲ್ಲಿ ರುಚಿಗೆಂದು ಹಸಿ ನೀರು ಬೆರೆಸುವ ತಿರುಪು ಇದ್ದರೆ ಲೆಕ್ಕ ತಪ್ಪುತ್ತದೆ. ಫ್ಲೋರೈಡ್ ಇರುವ ನೀರಾದರೆ, ಯಂತ್ರ ತೆಗೆದುಹಾಕಿದ ಫ್ಲೋರೈಡನ್ನೇ ಆ ತಿರುಪು ಮರಳಿ ತರುತ್ತದೆ. ಪೂರ್ತಿ ಮುಚ್ಚಿಸಿ.

ಯುವಿ ದೀಪ ಉರಿಯುತ್ತಿದ್ದರೂ ವರ್ಷದ ಮೇಲೆ ಅದರ ಶಕ್ತಿ ಕುಂದುತ್ತದೆ. ಇದ್ದಿಲಿನ ಫಿಲ್ಟರ್ ಕ್ಲೋರಿನ್ ತೆಗೆದುಬಿಡುವುದರಿಂದ ಸೋಸಿ ದಿನಗಟ್ಟಲೆ ಇಟ್ಟ ನೀರಿಗೆ ಕಾವಲಿಲ್ಲ.

## ಯಾವ ಲಕ್ಷಣವೂ ಇಲ್ಲ

ಲಕ್ಷಣ ಹಿಡಿದು ಹುಡುಕುವ ಈ ದಾರಿಯ ದೊಡ್ಡ ಕೊರತೆ ಇಲ್ಲಿದೆ. ಕಣ್ಣಿಗೆ ಅಸಹ್ಯವಾದ ನೀರು ಬಹಳ ಸಲ ನಿರಪಾಯ, ಪನ್ನೀರಿನಂತೆ ತಿಳಿಯಾದ ನೀರಿನಲ್ಲಿ ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಅಡಗಿರುತ್ತವೆ. ಬಾಂಗ್ಲಾದೇಶದಲ್ಲಿ ಕೆರೆಕುಂಟೆಯ ನೀರಿನಿಂದ ಬರುವ ಭೇದಿ ತಪ್ಪಿಸಲು ಲಕ್ಷಗಟ್ಟಲೆ ಕೊಳವೆ ಬಾವಿ ಕೊರೆದರು. ಅವುಗಳಲ್ಲಿ ಆರ್ಸೆನಿಕ್ ಇದೆ ಎಂದು ತಿಳಿದದ್ದು 1990ರ ದಶಕದಲ್ಲಿ, ಜನರ ಅಂಗೈ ಅಂಗಾಲು ಗಂಟುಗಟ್ಟಿದ ಮೇಲೆ.

ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ಆರ್ಸೆನಿಕ್ 0.01, ಸೀಸ 0.01, ನೈಟ್ರೇಟ್ 50. ಫ್ಲೋರೈಡ್ ಹೆಚ್ಚಿದ್ದರೆ ಮೊದಲು ಕಾಣುವುದು ಬೆಳೆಯುವ ಮಕ್ಕಳ ಹಲ್ಲಿನ ಮೇಲೆ, ಸೀಮೆಸುಣ್ಣದ ಬಿಳಿ ಗೆರೆಗಳಾಗಿ, ಆಮೇಲೆ ಕಂದು ಮಚ್ಚೆಗಳಾಗಿ. ನೈಟ್ರೇಟ್ ಬರುವುದು ಗೊಬ್ಬರ, ಶೌಚಗುಂಡಿಗಳಿಂದ. ಆರು ತಿಂಗಳೊಳಗಿನ ಬಾಟಲಿ ಹಾಲಿನ ಕೂಸಿಗೆ ಅದು ರಕ್ತದ ಆಮ್ಲಜನಕವನ್ನೇ ಕಸಿಯುತ್ತದೆ. ಕೂಸಿನ ತುಟಿ, ಉಗುರು ನೀಲಿಗಟ್ಟಿದರೆ ನೀರಿನ ಪರೀಕ್ಷೆಗೆ ಕಾಯದೆ ಆಸ್ಪತ್ರೆಗೆ ಓಡಿ. ಇವ್ಯಾವುವೂ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಪ್ರಮಾಣ ಏರುತ್ತದೆ.

ಆದ್ದರಿಂದ ಸ್ವಂತ ಬಾವಿ ಇದ್ದವರು ಈ ನಾಲ್ಕನ್ನು ಒಮ್ಮೆಯಾದರೂ ಅಳೆಸಬೇಕು, ರೋಗಾಣು ಪರೀಕ್ಷೆಯನ್ನು ವರ್ಷಕ್ಕೊಮ್ಮೆ, ಮಳೆಗಾಲದಲ್ಲೇ ಮಾಡಿಸಬೇಕು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿರಹಿತ ಬಾಟಲಿ ಬಳಸಿ; ಕುಡಿದು ಬಿಟ್ಟ ಬಾಟಲಿ ಆಗದು. ನಲ್ಲಿಯ ಜಾಲರಿ ಬಿಚ್ಚಿ, ಬಾಯಿಯನ್ನು ಸ್ಪಿರಿಟ್‌ನಿಂದ ಒರೆಸಿ, ಎರಡು ನಿಮಿಷ ಹರಿಸಿ ಹಿಡಿಯಿರಿ. ಬಾಟಲಿಯ ಒಳಬದಿ, ಮುಚ್ಚಳದ ಒಳಮೈ ಮುಟ್ಟಬೇಡಿ. ಐಸ್ ಜೊತೆ ತಂಪಾಗಿಟ್ಟು ಅದೇ ದಿನ ತಲುಪಿಸಿ. ಸೀಸದ ಪರೀಕ್ಷೆಗೆ ಮಾತ್ರ ಇದರ ತದ್ವಿರುದ್ಧ: ರಾತ್ರಿಯಿಡೀ ಪೈಪಿನಲ್ಲಿ ನಿಂತ ಮೊದಲ ನೀರನ್ನೇ, ಒಂದು ಹನಿಯೂ ಹರಿಯಬಿಡದೆ ಹಿಡಿಯಬೇಕು.